ಮಳೆಗಾಲದಲ್ಲಿ ಮಕ್ಕಳ ನೈಟ್ ಡ್ರೆಸ್ ದಿನಾ ಒಗೆಯಬೇಕೇ?

ಪ್ರಶ್ನೆ: ನಮ್ಮದು ಕೊಡಗಿನ ಮಾದಾಪುರದ ಹತ್ತಿರ ಕಾಫಿ ತೋಟದೊಳಗಿನ ಮನೆ. ಏಳು ವರ್ಷದ ಮಗ, ಮೂರು ವರ್ಷದ ಮಗಳು ಇದ್ದಾರೆ. ಹಾಕಿಕೊಂಡು ಮಲಗಿದ ಬಟ್ಟೆ ಮೈಲಿಗೆ, ಬೆಳಿಗ್ಗೆ ಎದ್ದ ಕೂಡಲೇ ಒಗೆಯಲು ಹಾಕಬೇಕು ಎನ್ನುವುದು ಅತ್ತೆಯವರ ನಿಯಮ. ಬೆಂಗಳೂರಿನಲ್ಲಿರುವ ನಾದಿನಿ ವಾರಕ್ಕೊಮ್ಮೆ ಒಗೆದರೆ ಸಾಕು ಎನ್ನುತ್ತಾಳೆ. ಜೂನ್ ಶುರುವಾದರೆ ನಮ್ಮಲ್ಲಿ ಮೂರು ನಾಲ್ಕು ದಿನ ಕಳೆದರೂ ಬಟ್ಟೆ ಒಣಗುವುದಿಲ್ಲ, ಮುಗ್ಗು ವಾಸನೆ ಹಿಡಿಯುತ್ತದೆ. ಕೊನೆಗೆ ಅರ್ಧ ಒಣಗಿದ್ದನ್ನೇ ಮಕ್ಕಳಿಗೆ ಹಾಕುವಂತಾಗಿದೆ. ಬೆಡ್‌ಶೀಟ್, ಟವೆಲ್, ಕಂಬಳಿಗಳದ್ದೂ ಇದೇ ಪಾಡು. ಯಾವುದನ್ನು ಎಷ್ಟು ದಿನಕ್ಕೊಮ್ಮೆ ಒಗೆಯಬೇಕು? ಮಗಳು ರಾತ್ರಿ ತುಂಬಾ ತುರಿಸಿಕೊಳ್ಳುತ್ತಾಳೆ. ನಾನು ಸರಿಯಾಗಿ ಒಗೆಯದ್ದರಿಂದ ಹೀಗಾಯಿತೇ?

ಮಕ್ಕಳ ವೈದ್ಯೆಯ ಉತ್ತರ:

ನಿಮ್ಮ ಪತ್ರದ ತುಂಬ ಬಟ್ಟೆಯ ವಿಷಯವೇ ಇದೆ, ಮಗಳ ತುರಿಕೆಗೆ ಸಿಕ್ಕಿದ್ದು ಕೊನೆಯ ಎರಡು ಸಾಲು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ತುರಿಕೆ ಯಾತರದ್ದು ಎಂದು ಗೊತ್ತಾಗದೆ ಎಷ್ಟು ಸಲ ಒಗೆಯಬೇಕು ಎಂದು ಹೇಳಲು ಬರುವುದಿಲ್ಲ.

ಎರಡು ರಾತ್ರಿ ಅವಳು ಮಲಗಿದ ಮೇಲೆ ಟಾರ್ಚ್ ಹಿಡಿದು ನೋಡಿ. ಬೆರಳ ಸಂದು, ಮಣಿಕಟ್ಟು, ಕಂಕುಳು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳಿದ್ದು, ಹಾಸಿಗೆ ಬೆಚ್ಚಗಾದ ಹಾಗೆ ತುರಿಕೆ ಜೋರಾಗುತ್ತಿದ್ದರೆ, ಮನೆಯಲ್ಲಿ ಇನ್ನೊಬ್ಬರಿಗೂ ತುರಿಕೆ ಇದ್ದರೆ, ಅದು ಕಜ್ಜಿ ಇರಬಹುದು. ಸಣ್ಣ ಮಕ್ಕಳಲ್ಲಿ ಅಂಗೈ, ಅಂಗಾಲಿನಲ್ಲೂ ಗುಳ್ಳೆ ಬರುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದೊಳಗೆ ದಾರಿ ಕೊರೆದು ಮೊಟ್ಟೆಯಿಡುವುದರಿಂದ ಬರುವ ಕಾಯಿಲೆ ಇದು. ಮೈಗೆ ಮೈ ತಾಗಿ ಹರಡುತ್ತದೆ. ಮಳೆಗಾಲದಲ್ಲಿ ಎಲ್ಲರೂ ಒಂದೇ ಕಂಬಳಿಯೊಳಗೆ ಒತ್ತಿಕೊಂಡು ಮಲಗುತ್ತೇವಲ್ಲ, ಆ ಹುಳಕ್ಕೆ ಅಷ್ಟು ಸಾಕು. ಹೊರಗೆ ಎಷ್ಟೇ ಒಗೆದರೂ ಚರ್ಮದೊಳಗಿನ ಹುಳ ಸಾಯುವುದಿಲ್ಲ. ವೈದ್ಯರು ಹೇಳುವ ಪರ್ಮೆಥ್ರಿನ್ ಮುಲಾಮನ್ನು ಮನೆಯವರೆಲ್ಲರೂ, ತುರಿಕೆ ಇಲ್ಲದವರೂ, ಒಂದೇ ರಾತ್ರಿ ಹಚ್ಚಬೇಕು. ವಾರದ ನಂತರ ಮತ್ತೊಮ್ಮೆ. ಒಬ್ಬರಿಗೆ ಮಾತ್ರ ಹಚ್ಚಿದರೆ ಇನ್ನೊಬ್ಬರಿಂದ ವಾಪಸ್ಸು ಬರುತ್ತದೆ. ಇಂಥ ಮನೆಗಳನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಮುಲಾಮು ಹಚ್ಚಿದ ಮಾರನೆಯ ಬೆಳಿಗ್ಗೆ, ಹಿಂದಿನ ಮೂರು ದಿನ ಮೈಗೆ ತಾಗಿದ ಬಟ್ಟೆ, ಹಾಸು, ಹೊದಿಕೆ, ಟವೆಲ್ ಎಲ್ಲವನ್ನೂ ಬಿಸಿ ನೀರಿಗೆ ಹಾಕಿ. ಈ ಹುಳ 50 ಡಿಗ್ರಿ ಮೇಲಿನ ಬಿಸಿಯಲ್ಲಿ ಹತ್ತು ನಿಮಿಷವಿದ್ದರೆ ಸಾಯುತ್ತದೆ. ಥರ್ಮಾಮೀಟರ್ ಬೇಕಾಗಿಲ್ಲ. ಗುಳ್ಳೆಯೆದ್ದು ಕುದಿಯುವ ನೀರು ಒಂದು ಪಾಲು, ತಣ್ಣೀರು ಒಂದು ಪಾಲು ಬೆರೆಸಿದರೆ ಸುಮಾರು 60 ಡಿಗ್ರಿಗೆ ಬರುತ್ತದೆ. ಹಂಡೆಯಲ್ಲಿ ಸ್ನಾನಕ್ಕೆ ಕಾಯಿಸಿದ ನೀರು ಅಷ್ಟು ಬಿಸಿ ಇರುವುದಿಲ್ಲ, ಇನ್ನೆರಡು ಕೊಳ್ಳಿ ಹಾಕಿ ಕುದಿಸಬೇಕು. ಬಟ್ಟೆ ಮುಳುಗಿಸಿ, ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬಿಡಿ. 60 ಡಿಗ್ರಿ ನೀರು ಮಕ್ಕಳ ಚರ್ಮವನ್ನು ಕ್ಷಣದಲ್ಲಿ ಸುಡುತ್ತದೆ. ಬಕೆಟ್ ಇರುವ ಬಚ್ಚಲಿನ ಬಾಗಿಲು ಹಾಕಿರಲಿ, ಬಟ್ಟೆಯನ್ನು ಕೋಲಿನಿಂದಲೇ ತಿರುಗಿಸಿ. ಬಿಸಿ ನೀರಿಗೆ ಹಾಕಲಾಗದ ಕಂಬಳಿ, ಸ್ವೆಟರ್, ಗೊಂಬೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಇಡಿ. ಮೈಯಿಂದ ಉದುರಿದ ಹುಳ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಸಾಯುತ್ತದೆ. ತಂಪು, ತೇವ ಇದ್ದಲ್ಲಿ ಮಾತ್ರ ಹೆಚ್ಚು ದಿನ ಬದುಕುತ್ತದೆ. ಹಾಗಾಗಿ ನಮ್ಮ ಜುಲೈನಲ್ಲಿ ಒಂದು ವಾರ ಕಟ್ಟಿಡುವುದು ಒಳ್ಳೆಯದು.

ತುರಿಕೆ ಬರೀ ಗುದದ ಸುತ್ತ ಇದ್ದರೆ ಕತೆಯೇ ಬೇರೆ. ಬಿಳಿ ದಾರದ ತುಂಡಿನಂಥ ಪಿನ್‌ವರ್ಮ್ ಎಂಬ ಹುಳ ಮಗು ಮಲಗಿದ ಮೇಲೆ ಹೊರಗೆ ಬಂದು ಅಲ್ಲಿ ಮೊಟ್ಟೆಯಿಡುತ್ತದೆ. ಮಗು ತುರಿಸಿಕೊಳ್ಳುತ್ತದೆ, ಉಗುರಿನ ಸಂದಿಗೆ ಮೊಟ್ಟೆ ಸೇರುತ್ತದೆ, ಅದೇ ಕೈ ಬೆಳಿಗ್ಗೆ ಬಾಯಿಗೆ. ಮೊಟ್ಟೆಗಳು ಚಡ್ಡಿ, ನೈಟ್ ಡ್ರೆಸ್, ಬೆಡ್‌ಶೀಟಿಗೂ ಅಂಟಿಕೊಂಡು ಎರಡು ಮೂರು ವಾರ ಜೀವ ಹಿಡಿದಿರುತ್ತವೆ. ಅತ್ತೆಯವರ ನಿಯಮ ಅಕ್ಷರಶಃ ಸರಿಯಾಗುವುದು ಈ ಕಾಯಿಲೆಯಲ್ಲೇ. ಮಾತ್ರೆ ಕೊಟ್ಟ ಮೇಲೆ ಎರಡು ವಾರ ಚಡ್ಡಿ, ನೈಟ್ ಡ್ರೆಸ್ ಪ್ರತಿದಿನ ಬದಲಿಸಿ, ಬೆಳಿಗ್ಗೆ ಎದ್ದ ಕೂಡಲೇ ಮಗುವಿನ ಕೆಳಮೈ ತೊಳೆಯಿರಿ. ಹಾಸಿಗೆ ಬಟ್ಟೆಯನ್ನು ಒದರಬೇಡಿ. ಒದರಿದರೆ ಮೊಟ್ಟೆ ಗಾಳಿಯಲ್ಲಿ ಹಾರಿ ಕೋಣೆಯೆಲ್ಲ ಹರಡುತ್ತದೆ. ಮೆಲ್ಲಗೆ ಸುತ್ತಿ ನೇರ ಬಕೆಟಿಗೆ ಹಾಕಿ. ಫೆಬ್ರವರಿ 10 ಮತ್ತು ಆಗಸ್ಟ್ 10ರಂದು ಅಂಗನವಾಡಿ, ಶಾಲೆಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆ ಈ ಹುಳಕ್ಕೂ ಕೆಲಸ ಮಾಡುತ್ತದೆ, ಆದರೆ ಮೊಟ್ಟೆಯನ್ನು ಕೊಲ್ಲುವುದಿಲ್ಲ. ಅದಕ್ಕಾಗಿಯೇ ಎರಡು ವಾರ ಬಿಟ್ಟು ಇನ್ನೊಂದು ಸಲ ಕೊಡಬೇಕಾಗುತ್ತದೆ. ಎಷ್ಟು ಕೊಡಬೇಕೆಂದು ವೈದ್ಯರನ್ನು ಕೇಳಿ.

ಮೊಣಕೈ, ಮೊಣಕಾಲಿನ ಮಡಿಕೆಯಲ್ಲಿ ಒಣಗಿ ಒರಟಾದ ಕೆಂಪು ಚರ್ಮ ಕಂಡರೆ ಎಸ್ಜಿಮಾ ಇರಬಹುದು. ಇಲ್ಲಿ ಅತಿಯಾಗಿ ಒಗೆಯುವುದೇ ತೊಂದರೆ ಕೊಡಬಹುದು. ನಮ್ಮ ತೋಡಿನ ನೀರು, ಮಳೆ ನೀರು ಮೃದು. ಬಯಲುಸೀಮೆಯ ಗಡಸು ನೀರಿನ ಲೆಕ್ಕದಲ್ಲಿ ಸೋಪಿನ ಪುಡಿ ಹಾಕಿದರೆ ನೊರೆ ಹೋಗುವುದೇ ಇಲ್ಲ. ಬೆರಳು ಕೊರೆಯುವ ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದರೆ ಪುಡಿ ಬಟ್ಟೆಯಲ್ಲೇ ಉಳಿದು, ಮಗು ಬೆವರಿದಾಗ ಚರ್ಮವನ್ನು ಕೆರಳಿಸುತ್ತದೆ. ಪುಡಿ ಅರ್ಧಕ್ಕೆ ಇಳಿಸಿ, ನೊರೆ ಕಾಣದ ಹಾಗೆ ಜಾಲಿಸಿ. ಪರಿಮಳದ ದ್ರಾವಣ, ಡಾಕ್ಟರ್ ಚಿತ್ರ ಹಾಕಿದ ಕ್ರಿಮಿನಾಶಕ ದ್ರಾವಣ ಎರಡೂ ದಿನನಿತ್ಯದ ಬಟ್ಟೆಗೆ ಬೇಡ.

ತೊಡೆಸಂದು, ಸೊಂಟದಲ್ಲಿ ಅಂಚು ಕೆಂಪಾಗಿ ಉಂಗುರದಂತೆ ಬೆಳೆಯುತ್ತಿದ್ದರೆ ಹುಳಕಡ್ಡಿ. ಇದು ಹುಳವಲ್ಲ, ಶಿಲೀಂಧ್ರ. ಟವೆಲ್, ಬಟ್ಟೆಗಳಿಂದಲೂ ಹರಡುತ್ತದೆ, ಪಸೆಯಿರುವ ಬಟ್ಟೆಯೆಂದರೆ ಅದಕ್ಕೆ ಹಬ್ಬ. ಮನೆಯಲ್ಲಿ ಯಾರಿಗೇ ಇದ್ದರೂ ಅವರ ಬಟ್ಟೆ ಬೇರೆ ನೆನೆಹಾಕಿ, ಬಿಸಿ ನೀರಿನಲ್ಲಿ ಒಗೆದು, ಒಣಗಿದ ಮೇಲೆ ಸೊಂಟಪಟ್ಟಿ, ಹೊಲಿಗೆಗಳ ಮೇಲೆ ಇಸ್ತ್ರಿ ಒತ್ತಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟಿರಾಯ್ಡ್ ಬೆರೆತ ಟ್ಯೂಬ್ ತಂದು ಹಚ್ಚಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಎರಡು ದಿನ ತುರಿಕೆ ನಿಲ್ಲುತ್ತದೆ, ಆಮೇಲೆ ಅದು ಮೈಯೆಲ್ಲ ಹಬ್ಬಿ ಔಷಧಿಗೆ ಬಗ್ಗದ ರೋಗವಾಗುತ್ತದೆ.

ಈ ನಾಲ್ಕರಲ್ಲಿ ಯಾವುದೂ ನೀವು ಒಂದು ದಿನ ಬಟ್ಟೆ ಒಗೆಯದ್ದರಿಂದ ಬಂದದ್ದಲ್ಲ. ಆ ಭಾರವನ್ನು ಮನಸ್ಸಿನಿಂದ ಇಳಿಸಿಬಿಡಿ.

ಇನ್ನು ಲೆಕ್ಕಕ್ಕೆ ಬರೋಣ. ಚಡ್ಡಿ, ಬನಿಯನ್ ಪ್ರತಿದಿನ ಬದಲಾಗಬೇಕು, ಇದರಲ್ಲಿ ರಾಜಿ ಇಲ್ಲ. ನೈಟ್ ಡ್ರೆಸ್ ವಿಷಯದಲ್ಲಿ, ಮಗು ಅದನ್ನು ಹಾಕುವಾಗ ಮೈ ಹೇಗಿತ್ತು ಎನ್ನುವುದರ ಮೇಲೆ ಎಲ್ಲ ನಿಂತಿದೆ. ಸಂಜೆ ಬಿಸಿ ನೀರಿನ ಸ್ನಾನವಾಗಿ, ಒಗೆದ ಚಡ್ಡಿ ಹಾಕಿ, ಅದರ ಮೇಲೆ ನೈಟ್ ಡ್ರೆಸ್ ಹಾಕಿದರೆ, ಆರೋಗ್ಯವಂತ ಮಗು ಅದನ್ನು ಎರಡು ಮೂರು ರಾತ್ರಿ ಹಾಕಬಹುದು. ನಮ್ಮ ಮಳೆಗಾಲದ ರಾತ್ರಿಯಲ್ಲಿ ಮಕ್ಕಳು ಬೆವರುವುದೂ ಕಡಿಮೆ. ತೋಟದಲ್ಲಿ ಕುಣಿದು ಬಂದು ಕೈಕಾಲು ಮಾತ್ರ ತೊಳೆದು ಮಲಗಿದ್ದರೆ ಬೆಳಿಗ್ಗೆಯೇ ಒಗೆಯಲು ಹಾಕಿ. ಮೂತ್ರ, ವಾಂತಿ, ಹಾಲು ಬಿದ್ದದ್ದು, ಜ್ವರ ಬಿಟ್ಟು ಬೆವೆತದ್ದು ಆಗಿಂದಾಗಲೇ ಹೋಗಬೇಕು. ಮೂರು ವರ್ಷದವಳ ಬಟ್ಟೆ ಅಣ್ಣನದಕ್ಕಿಂತ ಬೇಗ ಕೊಳೆಯಾಗುವುದೂ ಸಹಜ. ಇಬ್ಬರಿಗೂ ಒಂದೇ ಲೆಕ್ಕ ಇಡಬೇಕಾಗಿಲ್ಲ.

ಹಾಗಾದರೆ ಅತ್ತೆಯವರು ತಪ್ಪೇ? ಅಲ್ಲ. ಹಗಲು ಓಡಾಡಿದ ಬಟ್ಟೆಯಲ್ಲೇ ಮಕ್ಕಳು ಮಲಗುತ್ತಿದ್ದಾಗ ಬೆಳಿಗ್ಗೆ ಎದ್ದು ಅದನ್ನು ಒಗೆಯಲು ಹಾಕುವುದು ಜಾಣತನ. ಈಗ ಮಲಗುವುದಕ್ಕೇ ಬೇರೆ ಬಟ್ಟೆಯಿದೆ. ನಾದಿನಿಯ ವಾರದ ಲೆಕ್ಕ ಮಕ್ಕಳಿಗೆ ಉದ್ದವಾಯಿತು. ಒಮ್ಮೆ ಕೂಡಿಸಿ ನೋಡಿ. ಇಬ್ಬರು ಮಕ್ಕಳದ್ದು ದಿನವೂ ಒಗೆದರೆ ವಾರಕ್ಕೆ 14 ಜೊತೆ. ಮೂರು ರಾತ್ರಿಗೊಮ್ಮೆ ಎಂದರೆ ಐದು. ಆ ಒಂಬತ್ತು ಜೊತೆ ನಿಮ್ಮ ಬೆನ್ನಿನ ಮೇಲಿನ ಭಾರ, ಒಣಗಿಸುವ ಹಗ್ಗದ ಮೇಲಿನ ಭಾರ. ಒಗೆಯದ ದಿನ ನೈಟ್ ಡ್ರೆಸ್ಸನ್ನು ಮಡಿಚಿ ದಿಂಬಿನ ಕೆಳಗೆ ತುರುಕಬೇಡಿ. ಒಳಮೈ ಹೊರಗೆ ಮಾಡಿ ಕಿಟಕಿಯ ಬಳಿ ಗೂಟಕ್ಕೆ ನೇತುಹಾಕಿದರೆ ಮೈಯ ಪಸೆ ಆರುತ್ತದೆ.

ನಾನು ಗಟ್ಟಿಯಾಗಿ ಹೇಳಬೇಕಾದ ಮಾತು ಒಣಗಿಸುವುದರ ಬಗ್ಗೆ. ಅರ್ಧ ಒಣಗಿದ ಬಟ್ಟೆಯನ್ನು ದಿನಾ ಬದಲಿಸುವುದಕ್ಕಿಂತ ಪೂರ್ತಿ ಒಣಗಿದ ಒಂದನ್ನು ಮೂರು ರಾತ್ರಿ ಹಾಕಿಸುವುದು ಮಗುವಿನ ಚರ್ಮಕ್ಕೆ ಮೇಲು. ಮುಗ್ಗು ವಾಸನೆ ಎಂದು ನೀವು ಬರೆದಿದ್ದೀರಿ. ಅದಕ್ಕೆ ಮುಖ್ಯ ಕಾರಣವಾದ ಬ್ಯಾಕ್ಟೀರಿಯಾ ಒಂದನ್ನು ಜಪಾನಿನ ವಿಜ್ಞಾನಿಗಳು 2012ರಲ್ಲಿ ಗುರುತಿಸಿದರು. ಮೊರಾಕ್ಸೆಲ್ಲಾ ಓಸ್ಲೋಯೆನ್ಸಿಸ್ ಎಂದು ಅದರ ಹೆಸರು. ಒಗೆದ ಮೇಲೂ ನೂಲಿನಲ್ಲಿ ಉಳಿದ ಬೆವರು, ಜಿಡ್ಡನ್ನು ತಿಂದು, ಬಟ್ಟೆ ತೇವವಾಗಿರುವಷ್ಟು ಹೊತ್ತು ಅದು ಬೆಳೆಯುತ್ತಲೇ ಇರುತ್ತದೆ. ಅಂದರೆ ವಾಸನೆ ಬಂದ ಬಟ್ಟೆಯನ್ನು ತಣ್ಣೀರಿನಲ್ಲಿ ಇನ್ನೊಮ್ಮೆ ಒಗೆದು ಮತ್ತೆ ನಾಲ್ಕು ದಿನ ನೇತುಹಾಕಿದರೆ ಮೊದಲಿನ ಜಾಗಕ್ಕೇ ಬರುತ್ತೀರಿ. ಒಮ್ಮೆ ಬಿಸಿ ನೀರಿನಲ್ಲಿ ನೆನೆಸಿ, ಒಂದು ದಿನದೊಳಗೆ ಒಣಗಿಸಿದರೆ ಮಾತ್ರ ವಾಸನೆ ಬಿಡುತ್ತದೆ.

ಒಂದು ದಿನದೊಳಗೆ ಒಣಗಿಸುವುದು ಹೇಗೆ ಎಂದು ಕುಶಾಲನಗರದವರು ಕೇಳುವುದಿಲ್ಲ, ಅಲ್ಲಿ ಮಳೆ ನಮ್ಮದರ ಅರ್ಧವೂ ಇಲ್ಲ. ಮಡಿಕೇರಿ, ಮಾದಾಪುರ, ಭಾಗಮಂಡಲದ ಕಡೆಯವರ ಪಾಡು ಬೇರೆ. ನನ್ನ ಮಗಳು ಸಣ್ಣವಳಿದ್ದಾಗ ನಾವು ಮಡಿಕೇರಿಯ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅವಳ ಬಟ್ಟೆಯೆಲ್ಲ ಮಲಗುವ ಕೋಣೆಯಲ್ಲೇ ಹಗ್ಗ ಕಟ್ಟಿ ಹಾಕುತ್ತಿದ್ದೆ. ಆಗಸ್ಟ್ ಹೊತ್ತಿಗೆ ಕಪಾಟಿನ ಹಿಂದಿನ ಗೋಡೆಯೆಲ್ಲ ಕಪ್ಪು ಬೂಷ್ಟು, ಮಗುವಿಗೆ ಬಿಡದ ಕೆಮ್ಮು. ವೈದ್ಯೆಯಾಗಿದ್ದೂ ಅದು ನನಗೆ ತಡವಾಗಿ ಹೊಳೆಯಿತು. ಒಂದು ಬುಟ್ಟಿ ಒದ್ದೆ ಬಟ್ಟೆಯಿಂದ ಎರಡು ಲೀಟರಿನಷ್ಟು ನೀರು ಕೋಣೆಯ ಗಾಳಿಗೆ ಸೇರುತ್ತದೆ. ಅದು ಹೋಗಿ ಕೂರುವುದು ಗೋಡೆ, ಹಾಸಿಗೆ, ಕಂಬಳಿಯ ಮೇಲೆ. ಬೂಷ್ಟು, ಹಾಸಿಗೆಯ ಧೂಳಿನ ನುಸಿ ಎರಡಕ್ಕೂ ಆ ತೇವ ಬೇಕು, ಉಬ್ಬಸದ ಮಕ್ಕಳಿಗೆ ಎರಡೂ ವೈರಿ. ಮಕ್ಕಳು ಮಲಗುವ ಕೋಣೆಯಲ್ಲಿ ಮಾತ್ರ ಒದ್ದೆ ಬಟ್ಟೆ ಬೇಡವೇ ಬೇಡ.

ಒಗೆದ ಸಣ್ಣ ಬಟ್ಟೆಯನ್ನು ಒಣಗಿದ ದಪ್ಪ ಟವೆಲಿನ ಮೇಲೆ ಹಾಸಿ, ಚಾಪೆಯಂತೆ ಸುತ್ತಿ, ಮಂಡಿಯೂರಿ ಒತ್ತಿ. ಕೈಯಲ್ಲಿ ಹಿಂಡಿ ಹೋಗದ ನೀರೆಲ್ಲ ಟವೆಲ್ ಹೀರುತ್ತದೆ. ಈ ಕೆಲಸಕ್ಕೆ ಬಲವಾದ ತೋಳು ಬೇಕು, ಮನೆಯ ಗಂಡಸರನ್ನು ಕರೆಯಿರಿ. ಹಗ್ಗದಲ್ಲಿ ಬಟ್ಟೆಗೆ ಬಟ್ಟೆಗೆ ನಾಲ್ಕು ಬೆರಳು ಅಂತರವಿರಲಿ. ಪ್ಯಾಂಟನ್ನು ಸೊಂಟ ಅಗಲಿಸಿ ಎರಡು ಕ್ಲಿಪ್ಪಿನಲ್ಲಿ ನೇತುಹಾಕಿ, ಒಳಗೆ ಗಾಳಿ ಓಡಲಿ. ಕರೆಂಟ್ ಇರುವಷ್ಟು ಹೊತ್ತು ಟೇಬಲ್ ಫ್ಯಾನ್ ತಿರುಗಿಸಿ, ಕಿಟಕಿ ಒಂದು ಗೇಣು ತೆರೆದಿಡಿ. ಈಗ ಹಲವರು ಮನೆಯ ಹಿಂದೆ ಪಾರದರ್ಶಕ ಶೀಟಿನ ಮಾಡು ಹಾಕಿಸುತ್ತಾರೆ. ಮೋಡವಿದ್ದರೂ ಹಗಲು ಒಳಗೆ ಬೆಚ್ಚಗಿರುತ್ತದೆ. ಎರಡೂ ತುದಿ ಗಾಳಿಗೆ ತೆರೆದಿರಬೇಕು, ಇಲ್ಲದಿದ್ದರೆ ಹಬೆ ಒಳಗೇ ನಿಂತು ಬಟ್ಟೆ ಬೆವರುತ್ತದೆ. ಮತ್ತೆ ಬಟ್ಟೆಯ ಆಯ್ಕೆ. ಮಳೆಗಾಲಕ್ಕೆ ಒಳಗೆ ತುಪ್ಪಳವಿರುವ ದಪ್ಪ ನೈಟ್ ಡ್ರೆಸ್ ಒಂದರ ಬದಲು ತೆಳು ಹತ್ತಿಯ ಎರಡನ್ನು ಒಂದರ ಮೇಲೊಂದು ಹಾಕಿ. ಬೆಚ್ಚಗೂ ಇರುತ್ತದೆ, ಬೇಗ ಒಣಗುತ್ತದೆ. ನಿಮ್ಮಲ್ಲಿ ಬಟ್ಟೆ ಒಣಗಲು ಎರಡು ದಿನ ಹಿಡಿದರೆ ಒಂದು ಮಗುವಿಗೆ ನಾಲ್ಕು ಜೊತೆ ಸಾಕು.

ಬೆಂಕಿಯ ಮೇಲೆ ಒಣಗಿಸುವ ವಿಷಯದಲ್ಲಿ ನನಗೆ ಭಯವಿದೆ. ಬಚ್ಚಲೊಲೆಯ ಮೇಲೆ ಸರಳು ಕಟ್ಟಿ ಬಟ್ಟೆ ಹರವುವುದು ಹಳೆಯ ರೂಢಿ. ಒಲೆಯ ಶಾಖ ತಾಗುವಷ್ಟು ಹತ್ತಿರ, ಕಿಡಿ ಹಾರಿದರೂ ಮುಟ್ಟದಷ್ಟು ದೂರ ಇರಬೇಕು, ಯಾರಾದರೂ ಅಲ್ಲೇ ಇರಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆ ಕರಗಿ ಚರ್ಮಕ್ಕೆ ಅಂಟುತ್ತದೆ, ಅದನ್ನು ಬೆಂಕಿಯ ಹತ್ತಿರ ತರಲೇಬೇಡಿ. ಹೊಗೆ ಹಿಡಿದ ಬಟ್ಟೆ ಉಬ್ಬಸವಿರುವ ಮಗುವಿಗೆ ಆಗದು. ಇನ್ನು ಕೆಂಡದ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು, ಕಿಟಕಿ ಬಾಗಿಲು ಮುಚ್ಚಿ, ಸುತ್ತ ಬಟ್ಟೆ ಹರವಿ ಮಲಗುವುದನ್ನು ಇವತ್ತೇ ನಿಲ್ಲಿಸಿ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದಿಲ್ಲ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಬೆಡ್‌ಶೀಟ್, ದಿಂಬಿನ ಕವರ್ ವಾರಕ್ಕೊಮ್ಮೆ. ಮಳೆ ಬಿಡದಿದ್ದರೆ ಹತ್ತು ದಿನಕ್ಕೆ ಹೋದರೂ ಅಪಾಯವಿಲ್ಲ, ದಿಂಬಿನ ಕವರ್ ಮಾತ್ರ ವಾರ ದಾಟದಿರಲಿ. ಮೈ ಒರೆಸುವುದಕ್ಕೆ ದಪ್ಪ ಟರ್ಕಿ ಟವೆಲ್ ಬಿಟ್ಟು ತೆಳು ಹತ್ತಿಯ ಬೈರಾಸು ಬಳಸಿ. ಪ್ರತಿಯೊಬ್ಬರಿಗೂ ಬೇರೆ ಬೇರೆ, ಮೂರು ನಾಲ್ಕು ಸಲ ಬಳಸಿದ ಮೇಲೆ ಒಗೆಯಲು. ಕಂಬಳಿ, ರಜಾಯಿಗಳನ್ನು ಮಳೆಗಾಲದಲ್ಲಿ ಒಗೆಯುವ ಸಾಹಸ ಬೇಡ. ಒಳಗೆ ಹತ್ತಿಯ ಹೊದಿಕೆ ಸೇರಿಸಿ, ಅದನ್ನು ಮಾತ್ರ ಬೆಡ್‌ಶೀಟಿನ ಜೊತೆ ಒಗೆಯಿರಿ. ಕಂಬಳಿಗಳ ಕಾಲ ಮಾರ್ಚ್, ಏಪ್ರಿಲ್. ಕಾಫಿ ಒಣಗಿ ಮೂಟೆ ಸೇರಿದ ಮೇಲೆ ಕಣ ಖಾಲಿ ಬಿದ್ದಿರುತ್ತದಲ್ಲ, ಆ ಕಾದ ನೆಲದ ಮೇಲೆ ಹಾಸಿಗೆ, ದಿಂಬು, ಕಂಬಳಿಗಳನ್ನು ಎರಡು ದಿನ ಮಗುಚಿ ಹಾಕಿದರೆ ಒಳಗಿನ ತೇವವೆಲ್ಲ ಹೋಗುತ್ತದೆ.

ತೋಟದ ಮನೆಯವರಿಗೆ ಒಂದು ಮಾತು ಬೇರೆಯೇ ಹೇಳಬೇಕು. ಬೋರ್ಡೋ ದ್ರಾವಣವೆಂಬ ಶಿಲೀಂಧ್ರನಾಶಕವನ್ನೋ ಕೀಟನಾಶಕವನ್ನೋ ಹೊಡೆದು ಬಂದವರ ಬಟ್ಟೆ ಮಕ್ಕಳ ಬಟ್ಟೆಯ ಬಕೆಟಿಗೆ, ಮೆಷಿನ್ನಿಗೆ ಎಂದೂ ಬೀಳಬಾರದು. ಬಟ್ಟೆ ಹೊರಗೇ ಕಳಚಲಿ, ಬೇರೆ ಬಕೆಟಿನಲ್ಲಿ ಬೇರೆಯಾಗಿ ಒಗೆಯಲಿ, ಒಗೆದವರು ಕೈ ಸೋಪಿನಲ್ಲಿ ತೊಳೆಯಲಿ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ಒಂದೇ ಬಕೆಟ್ ಇರುವುದನ್ನು ನೋಡಿದ್ದೇನೆ. ತೋಟದ ಮಾಲೀಕರು ಸ್ಪ್ರೇ ಕೆಲಸದವರಿಗೆ ಒಂದು ಬಕೆಟ್, ಒಂದು ಸೋಪು ಹೆಚ್ಚಿಗೆ ಕೊಟ್ಟರೆ ಅಲ್ಲಿನ ಮಕ್ಕಳಿಗೆ ಬಹಳ ಉಪಕಾರವಾಗುತ್ತದೆ.

ಮಗ ಜಿಗಣೆ ಕಚ್ಚಿಸಿಕೊಂಡು ಬಂದರೆ, ಆ ರಕ್ತದ ಕಲೆಗೆ ಮೊದಲು ತಣ್ಣೀರು. ಬಿಸಿ ನೀರು ಹಾಕಿದರೆ ರಕ್ತದ ಪ್ರೋಟೀನ್ ಬೆಂದು ನೂಲಿಗೆ ಕಚ್ಚಿಕೊಳ್ಳುತ್ತದೆ. ಹಾಸಿಗೆ ಒದ್ದೆ ಮಾಡುವ ಮಗುವಿನ ಬಟ್ಟೆಯನ್ನೂ ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪು. ಐದು ವರ್ಷದ ಮಕ್ಕಳಲ್ಲಿ ನೂರಕ್ಕೆ ಹದಿನೈದು ಮಂದಿಯಾದರೂ ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾರೆ. ಒಗೆಯುವ ಸಿಟ್ಟನ್ನು ಅವರ ಮೇಲೆ ತೀರಿಸಬೇಡಿ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡ ಮಗುವಿನ ಬೆಡ್‌ಶೀಟ್ ಮೇಲೆ ಕೆಂಪು ಕಲೆ ಕಂಡು ಗಾಬರಿಯಾಗಿ ಓಡಿಬಂದ ತಾಯಂದಿರಿದ್ದಾರೆ. ಅದು ರಕ್ತವಲ್ಲ, ಸೊಪ್ಪಿನ ಬಣ್ಣ ಮೂತ್ರದಲ್ಲಿ ಬಂದದ್ದು. ಒಂದೆರಡು ದಿನದಲ್ಲಿ ಹೋಗದಿದ್ದರೆ ಮಾತ್ರ ತೋರಿಸಿ.

ಕಪಾಟಿನಲ್ಲಿ ನುಸಿ ಗುಳಿಗೆ ಇಡುವ ಅಭ್ಯಾಸವಿದ್ದರೆ ಮಕ್ಕಳ ಬಟ್ಟೆಯ ಅರೆಯಿಂದ ಅದನ್ನು ತೆಗೆಯಿರಿ. ಅದು ನಾಫ್ತಲೀನ್ ಆಗಿದ್ದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಶಿಶುಗಳಲ್ಲಿ ಅದರ ಆವಿ ಕೆಂಪು ರಕ್ತಕಣಗಳನ್ನು ಒಡೆದು ಕಾಮಾಲೆ ತರಬಲ್ಲದು. ಕೊರತೆ ಇದೆಯೋ ಇಲ್ಲವೋ ಎಂದು ಮಗುವನ್ನು ನೋಡಿ ತಿಳಿಯುವುದಿಲ್ಲ. ಮಕ್ಕಳ ಬಾಯಿಗೆ ಗುಳಿಗೆ ಹೋಗುವ ಅಪಾಯ ಬೇರೆ. ಗುಳಿಗೆಯ ಜೊತೆ ಕಟ್ಟಿಟ್ಟಿದ್ದ ಹಳೆಯ ಸ್ವೆಟರ್, ಟೋಪಿಗಳನ್ನು ಒಗೆದು, ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆಯೇ ಮಗುವಿಗೆ ಹಾಕಿ.

ಮಗಳ ಬೆರಳ ಸಂದನ್ನು ಇವತ್ತು ರಾತ್ರಿಯೇ ನೋಡಿ. ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವಾಗ, ತುರಿಕೆ ಇಲ್ಲವೆಂದು ಅಣ್ಣನನ್ನು ಮನೆಯಲ್ಲಿ ಬಿಡಬೇಡಿ. ಅತ್ತೆಯವರ ಕೈಯನ್ನೂ ಒಮ್ಮೆ ನೋಡಲು ಹೇಳಿ.